ರಸ್ತೆ ಸುರಕ್ಷತೆ ಮತ್ತು ಕಾನೂನು: ಕೊಡಗಿನ ಹಾದಿಯಿಂದ ಒಂದು ನೋಟ



ಒಂದು ಪ್ರಶ್ನೆಯಿಂದ ಇಂದಿನ ಮಾತಿಗೆ ತೊಡಗುತ್ತೇನೆ. ಆಷಾಢದ ಮಳೆ, ಸಂಜೆ ಆರೂವರೆ ಗಂಟೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆಯ ಒಂದು ತಿರುವಿನಲ್ಲಿ ಬೈಕೊಂದು ಅಡ್ಡ ಬಿದ್ದಿದೆ. ಸವಾರ ಚರಂಡಿಯ ಅಂಚಿನಲ್ಲಿದ್ದಾನೆ, ಕಾಲಿನಿಂದ ರಕ್ತ ಹರಿಯುತ್ತಿದೆ. ನಿಮ್ಮ ಜೀಪು ಅಲ್ಲಿಗೆ ಬಂತು. ಜೀಪಿನಲ್ಲಿರುವ ಹಿರಿಯರೊಬ್ಬರು ಮೆಲ್ಲಗೆ ಹೇಳುತ್ತಾರೆ: "ಬೇಡಪ್ಪ, ನಮಗ್ಯಾಕೆ? ಆಮೇಲೆ ಪೊಲೀಸು, ಕೋರ್ಟು ಅಂತ ಅಲೆಯೋರು ಯಾರು?" ಜೀಪು ನಿಲ್ಲಬೇಕೇ, ಮುಂದೆ ಹೋಗಬೇಕೇ?

ಹಾಗೆ ಹೇಳಿದ ಹಿರಿಯರು ಕೆಟ್ಟವರಲ್ಲ. ಊರಿನಲ್ಲಿ ಯಾರ ಮನೆಗೆ ಬೆಂಕಿ ಬಿದ್ದರೂ ಮೊದಲು ಓಡುವವರು ಅವರೇ ಇರಬಹುದು. ರಸ್ತೆಯಲ್ಲಿ ಬಿದ್ದವನನ್ನು ಕಂಡಾಗ ಮಾತ್ರ ಅವರ ಕಾಲು ಹಿಂಜರಿಯುವುದೇಕೆ? ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನೇ ಕೂರಿಸಿಕೊಂಡು ಪ್ರಶ್ನಿಸಿದ್ದು, ಹಣ ಕಟ್ಟಿ ಎಂದದ್ದು, ವರ್ಷಗಟ್ಟಲೆ ಸಾಕ್ಷಿಗೆಂದು ಕರೆಸಿದ್ದು ನಮ್ಮ ದೇಶದಲ್ಲಿ ನಿಜವಾಗಿಯೂ ನಡೆದಿದೆ. ಸಹಾಯ ಮಾಡಿದವರು ಇರಲಾರದೆ ಇರುವೆ ಬಿಟ್ಟುಕೊಂಡಂತಾಯಿತು. 2013ರಲ್ಲಿ ಸೇವ್‌ಲೈಫ್ ಪ್ರತಿಷ್ಠಾನ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 74 ಮಂದಿ ತಾವು ಗಾಯಾಳುವಿನ ನೆರವಿಗೆ ಹೋಗುವುದು ಅನುಮಾನ ಎಂದರು. ಅವರಲ್ಲಿ ನೂರಕ್ಕೆ 88 ಮಂದಿ ಕೊಟ್ಟ ಕಾರಣ ಪೊಲೀಸರ ಮತ್ತು ಕೋರ್ಟಿನ ಕಾಟದ ಭಯ.

ಈ ಭಯವನ್ನು ಕಾನೂನಿನಿಂದಲೇ ತೆಗೆಯಲು ಹೊರಟ ಮೊದಲ ರಾಜ್ಯ ನಮ್ಮ ಕರ್ನಾಟಕ. ಆ ಕಥೆ 1980ರ ದಶಕದಿಂದ ಆರಂಭವಾಗುತ್ತದೆ.

ಸ್ಕೂಟರ್ ಸವಾರನೊಬ್ಬನಿಗೆ ಕಾರು ಬಡಿಯಿತು. ದಾರಿಹೋಕರೊಬ್ಬರು ಅವನನ್ನು ಹತ್ತಿರದ ಆಸ್ಪತ್ರೆಗೆ ಒಯ್ದರು. ಇದು ಎಂ.ಎಲ್.ಸಿ., ಅಂದರೆ ಪೊಲೀಸ್ ಕೇಸು, ಇಂಥ ಕೇಸು ನಾವು ನೋಡುವಂತಿಲ್ಲ, ಸುಮಾರು 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಹೋಗಿ ಎಂದರು ಅಲ್ಲಿನವರು. ದಾರಿಯಲ್ಲೇ ಅವನ ಪ್ರಾಣ ಹೋಯಿತು. ಪತ್ರಿಕೆಯಲ್ಲಿ ಬಂದ ಈ ವರದಿಯನ್ನೇ ಕೈಯಲ್ಲಿ ಹಿಡಿದು ಪರಮಾನಂದ ಕಟಾರ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. 1989ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಮೊದಲು ಪ್ರಾಣ, ಪೊಲೀಸರ ಕಾಗದಪತ್ರ ಆಮೇಲೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ವೈದ್ಯರೂ ಗಾಯಾಳುವನ್ನು ಹಿಂದಕ್ಕೆ ಕಳಿಸುವಂತಿಲ್ಲ ಎಂಬುದು ಅದರ ತಿರುಳು. ಸಂವಿಧಾನದ 21ನೇ ವಿಧಿ ಜೀವಿಸುವ ಹಕ್ಕನ್ನು ಕೊಟ್ಟಿದೆ, ಅದನ್ನು ಕಾಯುವುದು ಸರ್ಕಾರದ ಹೊಣೆ ಎಂದು ನ್ಯಾಯಾಲಯ ನೆನಪಿಸಿತು.

ತೀರ್ಪು ವೈದ್ಯರ ಕರ್ತವ್ಯವನ್ನು ಸ್ಪಷ್ಟಪಡಿಸಿತು. ಗಾಯಾಳುವನ್ನು ಎತ್ತಿ ತಂದವನ ಗತಿ ಮಾತ್ರ ಹಾಗೆಯೇ ಉಳಿಯಿತು. 2007ರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಹುಡುಗನೊಬ್ಬ ವಾಹನಕ್ಕೆ ಸಿಕ್ಕಿ ರಸ್ತೆಯ ಬದಿಯಲ್ಲಿ ಬಹಳ ಹೊತ್ತು ಬಿದ್ದಿದ್ದ. ಜನ ನೋಡಿದರು, ಹೋದರು. ಅವನು ಉಳಿಯಲಿಲ್ಲ. ಅವನ ಬಂಧು ಪೀಯೂಷ್ ತಿವಾರಿ ಅವರು ಮರುವರ್ಷ ಕಟ್ಟಿದ ಸಂಸ್ಥೆಯೇ ನಾನು ಈಗಷ್ಟೇ ಹೆಸರಿಸಿದ ಸೇವ್‌ಲೈಫ್ ಪ್ರತಿಷ್ಠಾನ. ಅದು 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. ಕೇಂದ್ರ ಸರ್ಕಾರ 2015ರ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. 2016ರ ಮಾರ್ಚ್ 30ರಂದು ನ್ಯಾಯಾಲಯ ಆ ಮಾರ್ಗಸೂಚಿಯನ್ನು ಇಡೀ ದೇಶಕ್ಕೆ ಬದ್ಧವೆಂದು ಸಾರಿತು.

ಅದೇ ವರ್ಷದ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ಒಂದು ದುರ್ಘಟನೆ ನಡೆದಿತ್ತು. ನೆಲಮಂಗಲದ ಬಳಿ ಬೈಕಿನಲ್ಲಿ ಹೋಗುತ್ತಿದ್ದ ಹರೀಶ್ ನಂಜಪ್ಪ ಎಂಬ ಯುವಕ ಲಾರಿಗೆ ಸಿಕ್ಕಿ ಭೀಕರವಾಗಿ ಗಾಯಗೊಂಡ. ಸಾಯುವ ಮುನ್ನ ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ. ಅವನ ಕಣ್ಣುಗಳು ದಾನವಾದವು. ಸುತ್ತ ನಿಂತ ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರೆಂಬುದೂ ಸುದ್ದಿಯಾಯಿತು. ಕ್ಯಾಮೆರಾ ಹಿಡಿಸುವುದೇ ನನ್ನ ಕಸುಬು. ಆದರೂ ಹೇಳುತ್ತೇನೆ, ಎರಡು ಕೈಗೂ ಕೆಲಸವಿರುವ ಹೊತ್ತಿನಲ್ಲಿ ಕ್ಯಾಮೆರಾ ಚೀಲದಲ್ಲಿರಬೇಕು. ಮಾರ್ಚ್ ತಿಂಗಳಲ್ಲಿ ರಾಜ್ಯ ಸರ್ಕಾರ ಆ ಯುವಕನ ಹೆಸರಿನಲ್ಲಿ 'ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ'ಯನ್ನು ಆರಂಭಿಸಿತು. ಗಾಯಾಳು ಯಾವ ಊರಿನವನೇ ಇರಲಿ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಭರಿಸುವುದು ಅದರ ಉದ್ದೇಶ.

ಅದೇ 2016ರಲ್ಲಿ ರಾಜ್ಯದ ವಿಧಾನಮಂಡಲ ಜೀವರಕ್ಷಕರಿಗೂ ತುರ್ತು ಚಿಕಿತ್ಸೆ ನೀಡುವ ವೈದ್ಯರಿಗೂ ರಕ್ಷಣೆ ಕೊಡುವ ಮಸೂದೆಯನ್ನು ಒಪ್ಪಿತು. ಇಂಥ ಕಾನೂನುಗಳಿಗೆ ಪಶ್ಚಿಮ ದೇಶಗಳಲ್ಲಿ 'ಗುಡ್ ಸಮಾರಿಟನ್' ಎಂಬ ಹೆಸರಿದೆ. ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನನ್ನು ಉಪಚರಿಸಿದ ಒಳ್ಳೆಯ ಸಮಾರ್ಯದವನ ಕಥೆ ಬೈಬಲಿನಲ್ಲಿದೆ, ಹೆಸರು ಅಲ್ಲಿಂದ ಬಂತು. ನಮ್ಮ 'ಜೀವರಕ್ಷಕ' ಎಂಬ ಮಾತು ನನಗೆ ಇನ್ನೂ ಹಿಡಿಸುತ್ತದೆ.

ಮಸೂದೆ 2016ರದು. ಆದರೆ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ. ರಾಜ್ಯದ ಕಾನೂನಿಗೆ ರಾಜ್ಯಪಾಲರ ಸಹಿ ಸಾಲದೇ, ಎರಡು ವರ್ಷ ದೆಹಲಿಯಲ್ಲಿ ಯಾಕೆ ಕುಳಿತಿತ್ತು ಎಂದು ನೀವು ಕೇಳಬಹುದು. ಪೌರನೀತಿ ಪುಸ್ತಕದಲ್ಲಿ ಉರುಹೊಡೆದ ಮೂರು ಪಟ್ಟಿಗಳನ್ನು ಇಲ್ಲಿ ನೆನಪಿಸಿಕೊಳ್ಳಿ. ಪೊಲೀಸು, ಸಾರ್ವಜನಿಕ ಸುವ್ಯವಸ್ಥೆ ಮತ್ತು ರಾಜ್ಯದ ರಸ್ತೆಗಳು ರಾಜ್ಯ ಪಟ್ಟಿಯಲ್ಲಿವೆ. ಅಪರಾಧ ಕಾನೂನು, ಅದರ ವಿಚಾರಣಾ ಕ್ರಮ ಮತ್ತು ಯಂತ್ರಚಾಲಿತ ವಾಹನಗಳು ಸಮವರ್ತಿ ಪಟ್ಟಿಯಲ್ಲಿವೆ. ಸಮವರ್ತಿ ವಿಷಯದಲ್ಲಿ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದು. ಎರಡೂ ಒಂದಕ್ಕೊಂದು ತಾಗಿದರೆ ಕೇಂದ್ರದ್ದೇ ನಿಲ್ಲುತ್ತದೆ. ರಾಜ್ಯದ ಮಸೂದೆಗೆ ರಾಷ್ಟ್ರಪತಿಗಳು ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನು ನಡೆಯುತ್ತದೆ. ಇದು 254ನೇ ವಿಧಿ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬರುವ ಈ ವಿಧಿಗೆ ರಸ್ತೆಯ ಮೇಲೆ ಎಷ್ಟು ಬೆಲೆ ಇದೆ ನೋಡಿ.

ಮಡಿಕೇರಿಯಲ್ಲೇ ಒಂದು ಕಾಲಕ್ಕೆ ಶಾಸನಸಭೆ ಇತ್ತೆಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ತಿಳಿಯದು. 1950ರಿಂದ 1956ರವರೆಗೆ ಕೊಡಗು 'ಸಿ' ವರ್ಗದ ಪ್ರತ್ಯೇಕ ರಾಜ್ಯವಾಗಿತ್ತು. 24 ಸದಸ್ಯರ ಸಭೆ, ಮುಖ್ಯಮಂತ್ರಿ ಸಿ. ಎಂ. ಪೂಣಚ್ಚ ಅವರು. 1956ರ ನವೆಂಬರ್ 1ರಿಂದ ಕೊಡಗಿಗೆ ಬೇಕಾದ ಕಾನೂನು ಬೆಂಗಳೂರಿನಲ್ಲಿ ಆಗುತ್ತಿದೆ. ಅಜ್ಜಂದಿರನ್ನು ಕೇಳಿದರೆ ಇದರ ಬಗ್ಗೆ ನಿಮಗೆ ಇನ್ನೂ ಬಿಸಿಬಿಸಿ ಮಾತು ಕೇಳಲು ಸಿಕ್ಕೀತು. ಅದು ಬೇರೆಯೇ ವಿಷಯ.

ಈಗ ಕಾನೂನಿನಲ್ಲಿ ಏನಿದೆ ನೋಡೋಣ. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 134ಎ ಎಂಬ ಕಲಂ ಸೇರಿತು. ಹಾಗಾಗಿ ಕರ್ನಾಟಕ ಮೊದಲು ಮಾಡಿದ್ದು ಇಂದು ದೇಶಕ್ಕೆಲ್ಲ ಇದೆ. ಗಾಯಾಳುವನ್ನು ಸದುದ್ದೇಶದಿಂದ ಆಸ್ಪತ್ರೆಗೆ ತಲುಪಿಸಿದವನ ಮೇಲೆ, ಗಾಯಾಳು ಮುಂದೆ ತೀರಿಕೊಂಡರೂ, ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಹೇಳೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಹಣ ಕಟ್ಟುವವರೆಗೆ ತಡೆದು ನಿಲ್ಲಿಸುವಂತಿಲ್ಲ. ತಾನಾಗಿ ಸಾಕ್ಷಿ ಹೇಳಲು ಒಪ್ಪಿದರೆ ಅವನಿಗೆ ಅನುಕೂಲವಾದ ಜಾಗದಲ್ಲಿ, ಅನುಕೂಲವಾದ ಹೊತ್ತಿನಲ್ಲಿ ಹೇಳಿಕೆ ಪಡೆಯಬೇಕು; ಅವನ ಮನೆಗೆ ಹೋಗುವುದಾದರೆ ಪೊಲೀಸರು ಸಮವಸ್ತ್ರದಲ್ಲಿ ಹೋಗಬಾರದು. ನೆರೆಹೊರೆಯವರು ಏನೆಂದುಕೊಂಡಾರು ಎಂಬ ಅಳುಕಿಗೂ ಕಾನೂನು ಬರೆದವರು ಗಮನ ಕೊಟ್ಟಿದ್ದಾರೆ. ಈ ಹಕ್ಕುಗಳ ಫಲಕವನ್ನು ಪ್ರತಿ ಆಸ್ಪತ್ರೆಯೂ ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ, ಬಾಗಿಲಲ್ಲಿ ಕಾಣುವಂತೆ ಹಾಕಬೇಕು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಕನ್ನಡದ ಫಲಕ ಇದೆಯೇ ಎಂದು ಕಣ್ಣಾಡಿಸಿ. ಇಲ್ಲದಿದ್ದರೆ ಕೇಳಿ, ಕೇಳುವ ಹಕ್ಕು ನಿಮಗಿದೆ.

ಒಂದು ಎಚ್ಚರಿಕೆ. ಈ ರಕ್ಷಣೆ ನೆರವಿಗೆ ಬಂದವನಿಗೆ, ಡಿಕ್ಕಿ ಹೊಡೆದವನಿಗೆ ಅಲ್ಲ. ಡಿಕ್ಕಿ ಹೊಡೆದ ಚಾಲಕನ ವಿಷಯಕ್ಕೆ ಈಗ ಬರುತ್ತೇನೆ. ನನಗೆ ವಿಜ್ಞಾನದ ಪದವಿ ಇರುವುದರಿಂದ ಮೊದಲು ಕಾಯ್ದೆಯ ಪುಸ್ತಕವನ್ನು ಮುಚ್ಚಿ ಭೌತಶಾಸ್ತ್ರದ ಪುಸ್ತಕ ತೆರೆಯಲು ಅಪ್ಪಣೆ ಕೊಡಿ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಡ್ಡ ಬಂದ ಹಸುವನ್ನು ಕಣ್ಣು ಕಂಡು, ಮಿದುಳು ಅರಿತು, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದೇ ಹೋಗುತ್ತದೆ. ಆಮೇಲೆ ಬ್ರೇಕು ಹಿಡಿಯುವ ದೂರ. ಒಣ ಡಾಂಬರಿನಲ್ಲಿ ಟೈರಿನ ಘರ್ಷಣಾಂಕ 0.7 ಎಂದಿಟ್ಟುಕೊಂಡರೆ ಇನ್ನೂ 20 ಮೀಟರ್ ಬೇಕು. ಮಳೆಯಲ್ಲಿ ಅದು 0.4ಕ್ಕೆ ಇಳಿಯಿತೆನ್ನಿ, 35 ಮೀಟರ್ ಬೇಕು. ಒಟ್ಟು 52 ಮೀಟರ್. ಘಾಟಿಯ ಎಷ್ಟೋ ತಿರುವುಗಳಲ್ಲಿ ಮುಂದಿನ 52 ಮೀಟರ್ ಕಣ್ಣಿಗೇ ಬೀಳುವುದಿಲ್ಲ. ಕಾಣುವ ದೂರದೊಳಗೆ ನಿಲ್ಲಿಸಲಾಗದ ವೇಗವೇ ಅತಿವೇಗ, ಫಲಕದ ಮೇಲೆ ಏನೇ ಬರೆದಿರಲಿ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನೀವು ಹೈಸ್ಕೂಲಿನಲ್ಲೇ ಕಲಿತಿದ್ದೀರಿ.

ಇನ್ನು ಇಳಿಜಾರು. 16 ಟನ್ ತೂಕದ, ಮರ ತುಂಬಿದ ಲಾರಿ ನೇರ ಎತ್ತರದಲ್ಲಿ 100 ಮೀಟರ್ ಕೆಳಗಿಳಿದರೆ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 1 ಕೋಟಿ 57 ಲಕ್ಷ ಜೂಲ್. ತಣ್ಣೀರು ತುಂಬಿದ ಮೂರು ನಾಲ್ಕು ದೊಡ್ಡ ಕೊಡಗಳನ್ನು ಕುದಿಯುವ ಹಂತಕ್ಕೆ ತರಲು ಅದು ಸಾಕು. ಚಾಲಕ ಗೇರು ಇಳಿಸದೆ ಬರೀ ಬ್ರೇಕಿನ ಮೇಲೆ ಕಾಲಿಟ್ಟು ಇಳಿದರೆ ಅಷ್ಟೂ ಶಾಖ ಬ್ರೇಕಿಗೇ ಹೋಗುತ್ತದೆ. ಕಾದ ಬ್ರೇಕು ಹಿಡಿಯುವುದಿಲ್ಲ. ಹತ್ತುವ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಚಾಲಕರು ಹೇಳುವುದು ಇದಕ್ಕೇ. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಇಳಿಯುವ ವಾಹನ ನಿಂತು ಹತ್ತುವ ವಾಹನಕ್ಕೆ ದಾರಿ ಬಿಡಬೇಕು. ಇದು ಬರೀ ಸೌಜನ್ಯವಲ್ಲ, ಚಾಲನಾ ನಿಯಮಾವಳಿಯಲ್ಲೇ ಇದೆ. ಬಯಲುಸೀಮೆಯಿಂದ ರಜೆಗೆ ಬರುವ ಎಷ್ಟೋ ಪ್ರವಾಸಿಗಳಿಗೆ ಈ ನಿಯಮ ಇದೆಯೆಂದೇ ಗೊತ್ತಿರುವುದಿಲ್ಲ. ಚಿತ್ರೀಕರಣಕ್ಕೆಂದು ಈ ದಾರಿಯಲ್ಲಿ ಓಡಾಡುವಾಗ ಎದುರಿನ ಕಾರಿನವರು ಹಾರ್ನಿನಿಂದಲೇ ನಮಗೆ ಹಿಂದೆ ಸರಿಯಲು ಆಜ್ಞೆ ಮಾಡಿದ್ದನ್ನು ಬೇಕಾದಷ್ಟು ಸಲ ಕಂಡಿದ್ದೇನೆ.

ಅಜಾಗರೂಕತೆಯಿಂದ ಸಾವು ತಂದವನಿಗೆ ಶಿಕ್ಷೆ ಎಷ್ಟು? ಭಾರತೀಯ ದಂಡ ಸಂಹಿತೆಗೆ 304ಎ ಎಂಬ ಕಲಂ ಸೇರಿದ್ದು 1870ರಲ್ಲಿ. ಆಗ ನಮ್ಮ ರಸ್ತೆಗಳಲ್ಲಿ ಇದ್ದದ್ದು ಎತ್ತಿನ ಗಾಡಿ, ಕುದುರೆ ಗಾಡಿ. ಮೋಟಾರು ಬಂತು, ಲಾರಿ ಬಂತು, ಶಿಕ್ಷೆ ಮಾತ್ರ ಹೆಚ್ಚೆಂದರೆ ಎರಡು ವರ್ಷ ಎಂದೇ ಉಳಿಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅದನ್ನು ಐದು ವರ್ಷಕ್ಕೆ ಏರಿಸಿತು. ಅದರ ಎರಡನೆಯ ಉಪಕಲಂ ಇನ್ನೂ ಕಠಿಣ: ಸಾವಿಗೆ ಕಾರಣನಾಗಿ, ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಜೈಲು. 2024ರ ಜನವರಿ ಮೊದಲ ವಾರದಲ್ಲಿ ದೇಶದ ಹಲವೆಡೆ ಲಾರಿ ಚಾಲಕರು ಮುಷ್ಕರ ಹೂಡಿದ್ದು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆದದ್ದು ಈ ಕಾರಣಕ್ಕೆ. ಸರ್ಕಾರ ಮಾತುಕತೆಗೆ ಬಂತು. ಫೆಬ್ರುವರಿಯಲ್ಲಿ ಹೊರಟ ಅಧಿಸೂಚನೆ ಹೊಸ ಸಂಹಿತೆಗೆ ಜಾರಿಯ ದಿನ ಗೊತ್ತುಮಾಡುವಾಗ ಈ ಒಂದು ಉಪಕಲಮನ್ನು ಹೊರಗಿಟ್ಟಿತು.

ಚಾಲಕರು ಹೇಳಿದ್ದರಲ್ಲಿ ಹುರುಳಿಲ್ಲದಿರಲಿಲ್ಲ. ಓಡಿಹೋಗುವವರೆಲ್ಲ ಕಟುಕರಲ್ಲ, ನಿಂತರೆ ಜನ ಹೊಡೆದು ಕೊಲ್ಲುತ್ತಾರೆಂಬ ಭಯ ಎಂದರು ಅವರು. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಕೂಡ ಇದನ್ನು ಒಪ್ಪುತ್ತದೆ. ಗಾಯಾಳುವನ್ನು ಹತ್ತಿರದ ವೈದ್ಯರ ಬಳಿಗೆ ಒಯ್ಯುವುದು ಚಾಲಕನ ಕರ್ತವ್ಯ, ಗುಂಪಿನ ರೋಷದಿಂದಾಗಿ ಅದು ಸಾಧ್ಯವಾಗದ ಹೊತ್ತನ್ನು ಬಿಟ್ಟು, ಎನ್ನುತ್ತದೆ ಅದು. ಆದರೂ ನಾಲ್ಕು ಫರ್ಲಾಂಗು ಮುಂದೆ ಹೋಗಿ ಠಾಣೆಗೆ ಫೋನು ಮಾಡಲು ಯಾವ ಗುಂಪೂ ಅಡ್ಡಬರುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಹತ್ತು ವರ್ಷ ಎಂಬ ಅಂಕಿಗಿಂತ 'ಖಂಡಿತ ಸಿಕ್ಕಿಬೀಳುತ್ತೇನೆ' ಎಂಬ ಅರಿವು ಹೆಚ್ಚು ಕೆಲಸ ಮಾಡುತ್ತದೆ. ಸಿಕ್ಕಿಬೀಳಬೇಕಾದರೆ ನೋಡಿದವರು ಹೇಳಬೇಕು. ನೋಡಿದವರು ಹೇಳಬೇಕಾದರೆ ಅವರಿಗೆ ಭಯ ಇರಬಾರದು. ಜೀವರಕ್ಷಕರ ಕಾನೂನಿಗೂ ಅಪರಾಧಿಯ ಶಿಕ್ಷೆಗೂ ಇರುವ ನಂಟು ಇದು.

ದಂಡದ ವಿಷಯವನ್ನು ಬೇಗ ಮುಗಿಸುತ್ತೇನೆ. 2019ರ ತಿದ್ದುಪಡಿ ಹೆಲ್ಮೆಟ್ ಇಲ್ಲದ ಸವಾರಿಗೆ 1,000 ರೂಪಾಯಿ ದಂಡ ಎಂದಿತು. ಜನ ಗದ್ದಲ ಮಾಡಿದ ಮೇಲೆ ನಮ್ಮ ರಾಜ್ಯ ಅದೇ ಸೆಪ್ಟೆಂಬರಿನಲ್ಲಿ ಅದನ್ನು 500ಕ್ಕೆ ಇಳಿಸಿತು. ಸ್ಥಳದಲ್ಲೇ ರಾಜಿ ದಂಡ ಗೊತ್ತುಮಾಡುವ ಅಧಿಕಾರ ರಾಜ್ಯಕ್ಕಿದೆ. ಜನಪ್ರಿಯ ತೀರ್ಮಾನ, ನನಗೆ ಸಂತೋಷ ತಂದ ತೀರ್ಮಾನವಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರೇ 50,000ಕ್ಕೂ ಹೆಚ್ಚು.

ನಿಮಗೆ ನೇರವಾಗಿ ತಾಗುವುದು 199ಎ ಕಲಂ. 18 ತುಂಬದವರು ವಾಹನ ಓಡಿಸಿ ತಪ್ಪು ಮಾಡಿದರೆ ತಂದೆ ತಾಯಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ವಾಹನದ ನೋಂದಣಿ ಒಂದು ವರ್ಷ ರದ್ದು. ಓಡಿಸಿದವರಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಸರಿಯಾದ ಕಾನೂನೇ. ಆದರೆ ಕೊಡಗಿನಲ್ಲಿ ರೈಲು ಇಲ್ಲ, ಒಳನಾಡಿಗೆ ಬಸ್ಸು ಅಪರೂಪ. ಕೊನೆಯ ಬಸ್ಸು ತಪ್ಪಿದರೆ ತೋಟದ ದಾರಿಯಲ್ಲಿ ಆನೆಯ ಭಯದಲ್ಲಿ ನಡೆಯಬೇಕಾದ ಪಿ.ಯು.ಸಿ. ಹುಡುಗಿಗೆ ಅಣ್ಣನ ಸ್ಕೂಟಿ ಮೋಜಿನ ವಸ್ತುವಲ್ಲ. ದಂಡ ಹೆಚ್ಚಿಸುವವರು ಬಸ್ಸನ್ನೂ ಹೆಚ್ಚಿಸಬೇಕು ಎಂದರೆ ಅದು ಕಾನೂನಿನ ವಿರುದ್ಧದ ಮಾತಾಗದು.

ಕೊಡಗಿನ ಇನ್ನೊಂದು ನೋಟ ನಿಮಗೆ ಚಿರಪರಿಚಿತ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಗಾಗುತ್ತಲೇ ಜೀಪು, ಪಿಕಪ್ಪುಗಳ ಹಿಂಭಾಗದಲ್ಲಿ ನಿಂತೇ ಹೋಗುವ ತೋಟದ ಕಾರ್ಮಿಕರು. ಸರಕು ಸಾಗಣೆ ವಾಹನದಲ್ಲಿ ಹೀಗೆ ಜನರನ್ನು ಒಯ್ಯುವಂತಿಲ್ಲ. ಅಪಘಾತವಾದರೆ ಏನಾಗುತ್ತದೆ? ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಯನ್ನು ಬಿಟ್ಟು, ಸರಕು ವಾಹನದಲ್ಲಿ ಸುಮ್ಮನೆ ಪ್ರಯಾಣ ಮಾಡುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ಆಶಾರಾಣಿ ಪ್ರಕರಣದಲ್ಲಿ ಹೇಳಿದೆ. ಪರಿಹಾರಕ್ಕೆ ವಾಹನದ ಮಾಲೀಕನ ಮನೆ ಬಾಗಿಲಿಗೇ ಹೋಗಬೇಕು. ಅಲ್ಲಿ ನಡೆಯುವುದು ಸಾಮಾನ್ಯವಾಗಿ ರಾಜಿ: ಊರಿನ ನಾಲ್ಕು ಜನ ಸೇರಿ ಒಂದಿಷ್ಟು ಹಣ ಕೊಡಿಸಿ, ಕೇಸು ಬೇಡ ಎನ್ನುವುದು. ಜಗಳ ಹಿರಿಯರ ಮುಂದೆ ತೀರಬೇಕೆಂಬ ಪದ್ಧತಿಗೆ ಬೆಲೆ ಇದೆ. ಆದರೆ ಸಾವಿನ ಪ್ರಕರಣದಲ್ಲಿ ಕ್ರಿಮಿನಲ್ ಕೇಸು ಇಂಥ ರಾಜಿಯಿಂದ ಮುಗಿಯುವುದಿಲ್ಲ. ಎಫ್.ಐ.ಆರ್. ಆಗದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಆ ಕುಟುಂಬದ ಅರ್ಜಿ ಬಹಳ ದುರ್ಬಲವಾಗುತ್ತದೆ. ಯಾರೆಂದು ತಿಳಿಯದ ವಾಹನ ಗುದ್ದಿ ಹೋಗಿದ್ದರೂ ಪರಿಹಾರ ಉಂಟು. 2022ರ ಏಪ್ರಿಲ್‌ನಿಂದ ಅದು ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಕೂಲಿ ಲೈನಿನಲ್ಲಿ ಇರುವವರಿಗೆ ಇದನ್ನು ಓದಿ ಹೇಳುವವರು ಯಾರು? ಕಾಲೇಜಿಗೆ ಹೋಗುವ ಮಕ್ಕಳೇ ಹೇಳಬೇಕು.

ಕಾನೂನು ಎಷ್ಟೇ ಒಳ್ಳೆಯದಿರಲಿ, ಎತ್ತಿದ ಗಾಯಾಳುವನ್ನು ಎಲ್ಲಿಗೆ ಒಯ್ಯುವುದು? ಗಾಯವಾದ ಮೊದಲ ಒಂದು ಗಂಟೆಯನ್ನು 'ಸುವರ್ಣ ಗಂಟೆ' ಎನ್ನುತ್ತಾರೆ. 2019ರ ತಿದ್ದುಪಡಿಯಲ್ಲಿ ಅದಕ್ಕೆ ವ್ಯಾಖ್ಯೆಯೇ ಇದೆ. ಭಾಗಮಂಡಲದಿಂದ ಮಡಿಕೇರಿ ತಲುಪುವಷ್ಟರಲ್ಲಿ, ಅದೂ ಮಳೆಗಾಲದಲ್ಲಿ, ಆ ಗಂಟೆಯ ಬಹುಪಾಲು ದಾರಿಯಲ್ಲೇ ಕಳೆಯುತ್ತದೆ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ. ಆದರೂ ತಲೆಗೆ ದೊಡ್ಡ ಪೆಟ್ಟು ಬಿದ್ದವರನ್ನು ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೋ, ಘಾಟಿ ಇಳಿದು ಮಂಗಳೂರಿಗೋ ಕಳಿಸುವುದು ಇಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದಾಗ ಮಂಗಳೂರಿನ ಆ ದಾರಿಯೂ ಮುಚ್ಚಿತು. 2019ರ ಜೂನ್‌ನಲ್ಲಿ ಕೊಡಗಿನ ಯುವಜನರು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಟ್ವಿಟ್ಟರಿನಲ್ಲಿ ನಡೆಸಿದ ಅಭಿಯಾನ ಮುಖ್ಯಮಂತ್ರಿಗಳವರೆಗೆ ಮುಟ್ಟಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಪ್ರಕಟಿಸಿತು. ಹಣದ ತೊಡಕು ಅದರಿಂದ ಕಡಿಮೆಯಾದೀತು. ದೂರ ಕಡಿಮೆಯಾಗದು.

ಹಾಗಾಗಿ ಮೊದಲು ಸ್ಥಳಕ್ಕೆ ಬಂದವರ ಕೈಯಲ್ಲಿ ಬಹಳಷ್ಟಿದೆ. ರಕ್ತ ಚಿಮ್ಮುತ್ತಿದ್ದರೆ ಶುಭ್ರ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿಯಿರಿ. ನೋಡಲೆಂದು ಪದೇ ಪದೇ ತೆಗೆಯಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಕುತ್ತಿಗೆ, ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ಕೈಕಾಲು ಹಿಡಿದು ಎಳೆಯದೆ, ನಾಲ್ಕು ಜನ ಸೇರಿ ಹಲಗೆಯ ಮೇಲೆ ಒಟ್ಟಿಗೆ ಎತ್ತಿ. ಒಬ್ಬರನ್ನು ತಿರುವಿನ ಆಚೆ, ಇನ್ನೊಬ್ಬರನ್ನು ಈಚೆ ನಿಲ್ಲಿಸಿ, ಬರುವ ವಾಹನಗಳಿಗೆ ಕೈ ತೋರಿಸಲು ಹೇಳಿ.

108 ಅಥವಾ 112ಕ್ಕೆ ಫೋನು ಮಾಡುವಾಗ 'ಘಾಟಿಯಲ್ಲಿ' ಎಂದಷ್ಟೇ ಹೇಳಿದರೆ ಬೆಂಗಳೂರಿನಲ್ಲಿ ಕೂತು ಫೋನು ಎತ್ತಿದವರಿಗೆ ಏನೂ ತಿಳಿಯದು. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಹತ್ತಿರದ ತೋಟದ ಹೆಸರು, ಸೇತುವೆ ಅಥವಾ ದೇವಸ್ಥಾನ ಇದ್ದರೆ ಅದು, ನೀವು ಯಾವ ಊರಿನಿಂದ ಯಾವ ಊರಿಗೆ ಹೊರಟಿದ್ದಿರಿ ಎಂಬುದು, ಇಷ್ಟನ್ನು ಹೇಳಿ. ತೋಟದ ಸಂದಿಯಲ್ಲಿ ಫೋನಿಗೆ ಸಿಗ್ನಲ್ ಸಿಗದಿದ್ದರೆ, ಮುಂದೆ ಹೋಗುವ ಬಸ್ಸಿನ ಕಂಡಕ್ಟರಿಗೆ ಇಷ್ಟನ್ನೂ ಚೀಟಿಯಲ್ಲಿ ಬರೆದು ಕೊಡಿ, ಸಿಗ್ನಲ್ ಬಂದಲ್ಲಿ ಅವರು ಹೇಳುತ್ತಾರೆ. ನಿಮ್ಮ ಹೆಸರು ಬರೆಯುವುದು ಬಿಡುವುದು ನಿಮಗೆ ಸೇರಿದ್ದು.